ಹೋಗದ ಕರೆಂಟು

ಸ್ಕ್ಯಾನಿಂಗ್ ಅರ್ಧಕ್ಕೆ ಬಂದಿತ್ತು, ಕರೆಂಟು ಹೋಯಿತು. ಎಂಆರ್‌ಐ ಯಂತ್ರದ ಸದ್ದು ನಿಂತದ್ದೇ ತಡ, ಒಳಗಿನಿಂದ ಅಕ್ಕನ ಕೂಗು ಕೇಳಿಸಿತು. "ಲೋ ತಮ್ಮಾ, ಎಲ್ಲಿದ್ದೀಯೋ? ಉಸಿರು ಕಟ್ಟುತ್ತಿದೆ, ಹೊರಗೆ ತೆಗಿಯೋ!"

ಹೊರಗೆ ಬೆಂಚಿನ ಮೇಲಿದ್ದ ತಮ್ಮ ಧಡಕ್ಕನೆ ಎದ್ದ. ಅವನು ಲೈನ್‌ಮನ್; ಕೆಲಸದ ನಡುವೆ ಹಾಗೆಯೇ ಓಡಿ ಬಂದವನು. ಸೊಂಟದ ಚೀಲದಲ್ಲಿ ತಂತಿ ಕತ್ತರಿಸುವ ಕಟಿಂಗ್ ಪ್ಲೇಯರ್, ಅದರ ಹಿಡಿಯಿಂದ ಬೆಲ್ಟಿಗೆ ಅಕ್ಕ ಹೆಣೆದು ಕೊಟ್ಟ ದಾರ. ಕಂಬದ ಮೇಲಿಂದ ಜಾರಿ ಯಾರ ತಲೆಗಾದರೂ ಬಿದ್ದೀತು ಎಂಬುದು ಅವಳ ಮುಗಿಯದ ಚಿಂತೆ. ಜೊತೆಯವರು "ಏನಪ್ಪಾ, ಪ್ಲೇಯರ್ ಓಡಿಹೋಗುತ್ತಾ?" ಎಂದು ಕಾಲೆಳೆಯುತ್ತಿದ್ದರು. ಬಿಚ್ಚಿಹಾಕುವ ಧೈರ್ಯ ಮಾತ್ರ ಅವನಿಗೆ ಬಂದಿರಲಿಲ್ಲ.

ಒಳಗೆ ಭಾರೀ ಅಯಸ್ಕಾಂತವಿದೆ, ಕಬ್ಬಿಣ ಒಯ್ಯಬೇಡಿ ಎಂದು ಟೆಕ್ನಿಷಿಯನ್ ಮೊದಲೇ ಹೇಳಿದ್ದಳು. ಆದರೆ ಅದು ಕರೆಂಟಿನ ಅಯಸ್ಕಾಂತ ತಾನೆ? ಮೇನ್ ಹೋದ ಮೇಲೆ ಬರೀ ತಂತಿಯ ಸುರುಳಿ. ಅಷ್ಟೂ ಗೊತ್ತಿಲ್ಲದಿದ್ದರೆ ಇಷ್ಟು ವರ್ಷ ಕಂಬ ಹತ್ತಿದ್ದು ದಂಡ. ಟೆಕ್ನಿಷಿಯನ್ ಬಾಗಿಲು ತೆರೆದದ್ದೇ ಅವಳನ್ನು ಸರಿಸಿ ಒಳಗೆ ನುಗ್ಗಿದ.

"ನಿಂತ್ಕೊಳ್ಳಿ! ಸೊಂಟದಲ್ಲಿ ಕಬ್ಬಿಣ!"

"ಕರೆಂಟೇ ಇಲ್ವಲ್ರೀ!"

ಎರಡು ಹೆಜ್ಜೆ ಇಟ್ಟಿರಲಿಲ್ಲ, ಸೊಂಟವನ್ನು ಯಾರೋ ಜಗ್ಗಿದಂತಾಯಿತು. ಪ್ಲೇಯರ್ ಚೀಲದಿಂದ ತಾನಾಗಿ ಹೊರಬಂದು ಗಾಳಿಯಲ್ಲಿ ನೆಟ್ಟಗೆ ಮುಂದಕ್ಕೆ ಚಾಚಿಕೊಂಡಿತ್ತು. ಅದರ ಮೂತಿ ಅಕ್ಕನ ತಲೆಯಿದ್ದ ಕಡೆಗೆ. ದಾರ ಬಿಗಿದು ಅದುರುತ್ತಿತ್ತು. ಟೆಕ್ನಿಷಿಯನ್ ಹಿಂದಿನಿಂದ ಬೆಲ್ಟು ಹಿಡಿದು ಎಳೆದ ರಭಸಕ್ಕೆ ಇಬ್ಬರೂ ಬಾಗಿಲಾಚೆ ಬಿದ್ದರು. ಮರುಕ್ಷಣ ಅವಳೊಬ್ಬಳೇ ಒಳಗೆ ಹೋಗಿ ಅಕ್ಕ ಮಲಗಿದ್ದ ಮಂಚವನ್ನು ಕೈಯಿಂದಲೇ ಹೊರಗೆಳೆದಳು. ಅಕ್ಕ ತನ್ನ ಕಾಲ ಮೇಲೆ ನಡೆದು ಬಂದಳು. ತಮ್ಮನಿಗೆ ಹೋದ ಜೀವ ಬಂದಂತಾಯಿತು.

"ಕರೆಂಟು ಹೋಗಿತ್ತಲ್ಲಾ..." ಎಂದು ತೊದಲಿದ.

"ಹೋಗಿದ್ದು ಗೋಡೆಯಲ್ಲಿರೋದು," ಎಂದಳು ಟೆಕ್ನಿಷಿಯನ್, ಏದುಸಿರು ಬಿಡುತ್ತಾ. "ಒಳಗಿನ ಸುರುಳಿ ದ್ರವ ಹೀಲಿಯಂನಲ್ಲಿ ಮುಳುಗಿದೆ. ಅಷ್ಟು ಚಳಿಗೆ ತಂತಿ ಸೂಪರ್‌ಕಂಡಕ್ಟರ್ ಆಗುತ್ತೆ, ಕರೆಂಟಿಗೆ ತಡೆ ಅನ್ನೋದೇ ಇರಲ್ಲ. ಯಂತ್ರ ಕೂರಿಸಿದಾಗ ಕೊಟ್ಟ ಕರೆಂಟೇ ಇವತ್ತಿಗೂ ಸುತ್ತುತ್ತಾನೇ ಇದೆ. ಅಯಸ್ಕಾಂತ ಯಾವಾಗಲೂ ಎಚ್ಚರ."

"ನಮ್ಮ ಲೈನಿನ ಕರೆಂಟು ನಾಲ್ಕು ಬೀದಿ ದಾಟೋದ್ರೊಳಗೆ ಸುಸ್ತಾಗುತ್ತಲ್ರೀ," ಎಂದ ಅವನು. ಅವಳಿಗೆ ಆ ಗಾಬರಿಯಲ್ಲೂ ನಗು ಬಂತು.

ಯಂತ್ರದೊಳಗೆ ಮಲಗಿದ್ದ ಅಕ್ಕನಿಗೆ ಪ್ಲೇಯರ್ ಹಾರಿದ್ದು ಕಂಡೇ ಇರಲಿಲ್ಲ. ಬೆಂಚಿನ ಮೇಲೆ ಕುಳಿತು ನೀರು ಕುಡಿದವಳೇ ಬೈಗುಳ ಶುರು ಮಾಡಿದಳು. "ಗಂಟಲು ಹರಿದುಕೊಂಡರೂ ಬರಲಿಲ್ಲವಲ್ಲೋ! ಹೊರಗೆ ಕೂತು ನಿದ್ದೆ ಹೊಡೀತಿದ್ದೆಯಾ?" ಅಷ್ಟರಲ್ಲಿ ಅವಳ ಕಣ್ಣು ಅವನ ಸೊಂಟದತ್ತ ಹೋಯಿತು. ದಾರವನ್ನು ಬೆರಳಲ್ಲಿ ಎತ್ತಿ ನೋಡಿದಳು.

"ನೋಡು, ಒಂದು ಎಳೆ ಕಿತ್ತೇಹೋಗಿದೆ. ಯಾರ ತಲೆಗಾದರೂ ಬಡಿದರೆ ಏನೋ ಗತಿ?"

ಅವನು ಅವಳ ಕೆದರಿದ ಕೂದಲನ್ನು ಸರಿಪಡಿಸಿದ.

"ಹೊಸದು ಹೆಣೆದು ಕೊಡಕ್ಕಾ," ಎಂದ. "ಎರಡು ಎಳೆ ಜಾಸ್ತಿನೇ ಹಾಕು."