ಒರೆಸಿದ ಕೆನ್ನೆ

ಅಕ್ಕ ಫೋನಿಗೆ ಕಳಿಸಿದ ತನ್ನದೇ ಫೋಟೋ ನೋಡಿ ವೆಲ್ಡರನಿಗೆ ಮೈಯೆಲ್ಲ ಉರಿಯಿತು. ಎಡಗಿವಿಯಿಂದ ದವಡೆಯವರೆಗೆ ಇಳಿದಿದ್ದ ಸುಟ್ಟ ಕಲೆ ಯಾವುದೋ ಆ್ಯಪ್ ಒರೆಸಿದ್ದಕ್ಕೆ ಮಾಯವಾಗಿ, ಮುಖ ಆಗಷ್ಟೇ ಸುಣ್ಣ ಬಳಿದ ಗೋಡೆಯಂತಿತ್ತು. ಹೆಣ್ಣಿನ ಮನೆಯವರು ನೋಡಿ ಒಪ್ಪಿದ್ದು ಇದೇ ಮುಖವನ್ನು.

“ಇದ್ಯಾರಕ್ಕಾ ಇದು?” ಎಂದು ಫೋನ್ ಮಾಡಿದ.

“ನಿನ್ನ ತಮ್ಮ ಅಂದ್ಕೋ,” ಅಕ್ಕ ನಕ್ಕಳು. “ಅವರು ಮನೆಗೇ ಬಂದ ಮೇಲೆ ಬೇಡ ಅನ್ನೋಕೆ ಅವರಿಗೇ ನಾಚ್ಕೆ ಆಗುತ್ತೆ. ಬಾಯಿ ಮುಚ್ಕೊಂಡಿರು, ಹೆಣ್ಣು ಹುಡುಕಿ ಹುಡುಕಿ ನನ್ನ ಕಾಲು ಸವೆದುಹೋಗಿದೆ.”

ಅವನಿಗೆ ಬಾಯಿ ಮುಚ್ಚಿಕೊಂಡಿರಲು ಆಗಲಿಲ್ಲ. ಮಧ್ಯಾಹ್ನದ ನಮಾಜು ಮುಗಿದು ಮಸೀದಿ ಖಾಲಿಯಾದ ಮೇಲೆ ಮೌಲವಿಯ ಮುಂದೆ ಫೋನ್ ಹಿಡಿದ. ಅವರು ಫೋಟೋ ನೋಡಿದರು, ಅವನನ್ನು ನೋಡಿದರು.

“ಮಕ್ಕಳು ಆಟಕ್ಕೆ ಮಾಡ್ಕೊಂಡ್ರೆ ಬೇರೆ ಮಾತು. ಸಂಬಂಧ ಕೇಳೋವಾಗ ಇದು ಮೋಸ ಕಣಪ್ಪ. ದೋಷ ಮುಚ್ಚಿಟ್ಟು ಸರಕು ಮಾರೋದೇ ತಪ್ಪು, ಇದು ಒಂದು ಹೆಣ್ಣಿನ ಬದುಕು. ಇರೋ ಮುಖ ಕಳಿಸು.”

ದೋಷವಂತೆ. ಹೊಟ್ಟೆಪಾಡಿಗೆ ಸುಟ್ಟುಕೊಂಡ ಚರ್ಮಕ್ಕೆ ಇವರಿಟ್ಟ ಹೆಸರು. ಆದರೂ ಅಲ್ಲೇ ಕೂತು ಫೋಟೋ ತೆಗೆದು ಹುಡುಗಿಯ ಅಪ್ಪನಿಗೆ ಕಳಿಸಿದ. ಅವನ ಬಾಡಿಗೆ ರೂಮಿನಲ್ಲಿ ಈವರೆಗೆ ಕನ್ನಡಿಯೇ ಇರಲಿಲ್ಲ. ಬರುವವಳಿಗೆ ಬೇಕಾದೀತೆಂದು ಮೊನ್ನೆಯಷ್ಟೇ ಒಂದು ತಂದು, ಅವಳ ಎತ್ತರ ಊಹಿಸಿ ಮೊಳೆ ಹೊಡೆದಿದ್ದ.

ಏಳುವಷ್ಟರಲ್ಲಿ ಉತ್ತರ ಬಂತು. “ಸತ್ಯ ಹೇಳಿದಿರಿ, ಅಲ್ಲಾಹ್ ನಿಮಗೆ ಒಳ್ಳೆಯದು ಮಾಡಲಿ. ನಮ್ಮ ಹುಡುಗಿಗೆ ಸದ್ಯ ಮದುವೆ ಬೇಡವಂತೆ.”

ಅದನ್ನೂ ಮೌಲವಿಗೆ ತೋರಿಸಿದ.

“ಬೇಜಾರು ಮಾಡ್ಕೋಬೇಡ. ನಿನ್ನಂಥ ಪ್ರಾಮಾಣಿಕ ಹುಡುಗ ಸಿಗೋಕೂ ನಸೀಬು ಬೇಕು.”

“ನಿಮ್ಮ ತಂಗಿಗೂ ಗಂಡು ನೋಡ್ತಿದ್ದೀರಂತಲ್ಲ, ಹಜರತ್.” ಚುಚ್ಚಬೇಕೆಂದೇ ಬಾಯಿ ತೆರೆದಿದ್ದ. ಮಾತು ಹೊರಬಿದ್ದಾಗ ಬೇಡುವ ದನಿಯಾಗಿತ್ತು.

ಮೌಲವಿ ಸರಿಯಾಗಿಯೇ ಇದ್ದ ಚಾಪೆಯ ಅಂಚನ್ನು ಸರಿಮಾಡಿದರು. ಫ್ಯಾನ್ ಆರಿಸಿದರು.

“ಮನೇಲಿ ಕೇಳ್ತೀನಿ. ಒಂದು ಫೋಟೋ ಕಳಿಸು,” ಅಂದರು. ಬಾಗಿಲವರೆಗೂ ಜೊತೆಗೆ ಬಂದು, ಹೊರಗೆ ಯಾರೂ ಇಲ್ಲವೆಂದು ನೋಡಿಕೊಂಡು ದನಿ ತಗ್ಗಿಸಿದರು. “ಬಲಗಡೆಯಿಂದ ತೆಗೆದದ್ದು ಇದ್ರೆ ಒಳ್ಳೇದು.”