ಬಲಕ್ಕೆ ಎಳೆಯುವ ಬಾಣ

ಮಾತು ನಿಂತುಹೋದ ಮೇಲೆ ಭಾವನ ಮೈಯಲ್ಲಿ ಇನ್ನೂ ಆಡುತ್ತಿದ್ದದ್ದು ಬಲಗೈಯ ತೋರುಬೆರಳು ಮಾತ್ರ. ಅಕ್ಕ ಅದನ್ನು ಹಳೆಯ ಲ್ಯಾಪ್‌ಟಾಪಿನ ಕೀಲಿಗಳ ನಡುವಿನ ಕೆಂಪು ಗುಂಡಿಯ ಮೇಲೆ ಇಟ್ಟಿದ್ದಳು. ಗುಂಡಿಯನ್ನು ಒತ್ತಿದ ಕಡೆಗೆ ಪರದೆಯ ಬಾಣ ಸರಿಯುತ್ತದೆ. ಪರದೆಯಲ್ಲಿ ಎರಡೇ ಮಾತು. ಎಡಕ್ಕೆ ‘ಬೇಕು’, ಬಲಕ್ಕೆ ‘ಬೇಡ’. ಉಸಿರಾಟದ ಯಂತ್ರ ಹಾಕುವುದೋ ಬೇಡವೋ, ಅವರನ್ನೇ ಕೇಳಿ ನಾಳೆ ಹೇಳಿ ಎಂದಿದ್ದರು ಡಾಕ್ಟರು.

“ಇದು ಕೆಟ್ಟಿದೆ ಕಣೋ,” ಎಂದಳು ಅಕ್ಕ. “ಎಷ್ಟು ಸಲ ಕೇಳಿದ್ರೂ ಬಲಕ್ಕೇ ಎಳೆಯುತ್ತೆ. ನೀನು ಹಳೇ ಸಾಫ್ಟ್‌ವೇರ್ ತೆಗೆದು ಆ ಲಿನಕ್ಸ್ ಹಾಕಿದ್ಮೇಲೇ ಹೀಗಾಗಿದ್ದು.”

“ಇರ್ಬಹುದು ಅಕ್ಕಾ. ಈ ಗುಂಡಿ ಒಂದೊಂದ್ಸಲ ಬಾಣಾನ ತಾನೇ ಜಾರಿಸುತ್ತೆ.”

ಲ್ಯಾಪ್‌ಟಾಪಿಗೆ ಆದೇಶ ಬರೆಯುವ ಟರ್ಮಿನಲ್ ತೆರೆದು ಗುಂಡಿಯ ಸೆನ್ಸಿಟಿವಿಟಿ ಇಳಿಸಿದೆ. ಭಾವನ ಬೆರಳನ್ನು ಎತ್ತಿ ಪಕ್ಕಕ್ಕಿಟ್ಟು ನೋಡಿದೆ. ಬಾಣ ಅಲ್ಲಾಡದೆ ನಿಂತಿತ್ತು.

“ಸರಿಹೋಯ್ತು. ಈಗ ಕೇಳು.”

ಅವಳು ಬೆರಳನ್ನು ಮತ್ತೆ ಗುಂಡಿಯ ಮೇಲಿಟ್ಟಳು. “ರೀ, ಮೆಷಿನ್ ಹಾಕಿಸ್ಲಾ?”

ಬಾಣ ನಡುಗುತ್ತ ಬಲಕ್ಕೆ ಹೋಗಿ ‘ಬೇಡ’ದ ಮೇಲೆ ನಿಂತಿತು.

“ನೋಡಿದ್ಯಾ? ಹಾಗೇ ಇದೆ!”

ನಾನು ಭಾವನ ಮುಖ ನೋಡಲಿಲ್ಲ. ಎರಡು ಮಾತುಗಳನ್ನೂ ಅದಲುಬದಲು ಮಾಡಿದೆ. ಬಲಕ್ಕೆ ‘ಬೇಕು’, ಎಡಕ್ಕೆ ‘ಬೇಡ’.

“ಇನ್ನೊಂದ್ಸಲ ಕೇಳಕ್ಕಾ.”

ಅವಳು ಕೇಳಿದಳು. ಬಾಣ ತುಂಬ ಹೊತ್ತು ನಡುವೆಯೇ ಇತ್ತು. ಆಮೇಲೆ ನಿಧಾನವಾಗಿ ಎಡಕ್ಕೆ ಹೊರಳಿ ‘ಬೇಡ’ವನ್ನು ಮುಟ್ಟಿತು.

“ಈಗ ಎಡಕ್ಕೆ ಎಳೀತಿದೆ ಕಣೋ,” ಎಂದಳು ಅಕ್ಕ. “ಅದನ್ನೂ ಸರಿ ಮಾಡ್ಕೊಡು.”