ಹಿತ್ತಿಲ ಬಾಗಿಲು

ಜಲಜಕ್ಕನಿಗೆ ‘ತೂಫಾನಕ್ಕ’ ಎಂದು ಹೆಸರಿಟ್ಟವನು ನಾನೇ. ಕಳೆದ ವರ್ಷ ಚಂಡಮಾರುತ ಬರುತ್ತದೆಂದು ಮೈಕಿನಲ್ಲಿ ಕೂಗಿದ್ದೇ ತಡ, ಅವಳು ಕೋಳಿಗಳ ಸಮೇತ ಶಾಲೆಗೆ ಹೋಗಿ ಕುಳಿತಿದ್ದಳು. ಬಂದದ್ದು ನಾಲ್ಕು ಹನಿ ಮಳೆ.

ಈ ವರ್ಷವೂ ಮೈಕಿನ ರಿಕ್ಷಾ ಬಂತು. ನಾವು ಕಡಲ ದಡದಲ್ಲಿ ಬಲೆ ಹೆಣೆಯುತ್ತಿದ್ದೆವು.

“ಎಂತ ಮಾಡುವುದು ಮಾರಾಯ್ರೆ? ಶಾಲೆಗೆ ಹೋಗುವುದಾ?” ಜಲಜಕ್ಕ ಬಂದು ಕೇಳಿದಳು.

“ನಾನಂತೂ ಕದಲುವುದಿಲ್ಲ. ನೀನು ಹೋಗಕ್ಕ, ಕೋಳಿಗಳು ಕಾಯ್ತಾ ಉಂಟು,” ಎಂದೆ. ಎಲ್ಲರೂ ನಕ್ಕರು. ಅವಳೂ ನಕ್ಕಳು, ಆದರೆ ಮುಖ ಸಣ್ಣದಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ಗಾಳಿಯ ಸದ್ದೇ ಬೇರೆಯಾಯಿತು. ನಮ್ಮ ತೆಂಗಿನಮರ ಮುರಿದು ಬಿದ್ದಾಗ ನನ್ನ ಧೈರ್ಯವೂ ಮುಗಿಯಿತು. ಮುಂಬಾಗಿಲು ತೆರೆದರೆ ಎದುರಿಗೇ ಜಲಜಕ್ಕನ ಮನೆ. ಅವಳ ಕಣ್ಣಿಗೆ ಬೀಳಬಾರದೆಂದು ಹೆಂಡತಿ ಮಕ್ಕಳನ್ನು ಹಿತ್ತಿಲ ಬಾಗಿಲಿನಿಂದ ಹೊರಡಿಸಿದೆ.

ಶಾಲೆಯಲ್ಲಿ ತಲೆ ತಗ್ಗಿಸಿಕೊಂಡು ಜಾಗ ಹುಡುಕುತ್ತಿದ್ದಾಗ ಜಲಜಕ್ಕನ ಸೊಸೆ ಎದುರಾದಳು. ಅವಳ ಕಣ್ಣು ನನ್ನ ಬೆನ್ನ ಹಿಂದೆ ಯಾರನ್ನೋ ಹುಡುಕುತ್ತಿತ್ತು.

“ಅತ್ತೆ ಎಲ್ಲಿ ಅಣ್ಣಾ? ನೀವು ಹೊರಟದ್ದು ಕಂಡ ಮೇಲೆಯೇ ಹೊರಡ್ತೇನೆ ಅಂತ, ನಿಮ್ಮ ಬಾಗಿಲನ್ನೇ ನೋಡ್ತಾ ಜಗಲಿಯಲ್ಲಿ ಕೂತಿದ್ರಲ್ಲ?”